ಸ್ವಾತಂತ್ರ್ಯವೀರ ಥಾಮಸ್ ಪೇನ್

ರಾಜರ ಕಥೆಯನ್ನೂ ದಂಡನಾಯಕರ ಕಥೆಯನ್ನೂ ಓದಿ ಬೆಳೆದ ನಮಗೆ, ಸೈನ್ಯವಾಗಲಿ ಸಿಂಹಾಸನವಾಗಲಿ ಇಲ್ಲದೆ ಬರಿಯ ಲೇಖನಿಯೊಂದರಿಂದ ಎರಡು ಖಂಡಗಳ ರಾಜಕಾರಣವನ್ನು ಅಲ್ಲಾಡಿಸಿದವನ ಚರಿತ್ರೆಯು ವಿಚಿತ್ರವಾಗಿ ತೋರಬಹುದು. ಅಟ್ಲಾಂಟಿಕ್ ಮಹಾಸಾಗರದ ಈಚೆಯ ದಂಡೆಯಾದ ಇಂಗ್ಲಂಡಿನಲ್ಲಿ ಹುಟ್ಟಿ, ಆಚೆಯ ದಂಡೆಯ ಅಮೇರಿಕೆಯನ್ನು ಸ್ವಾತಂತ್ರ್ಯಕ್ಕಾಗಿ ಹುರಿದುಂಬಿಸಿ, ಮರಳಿ ಬಂದು ಫ್ರಾನ್ಸಿನ ಪ್ರಜಾಪ್ರತಿನಿಧಿಯಾಗಿ ಕುಳಿತು, ಕೊನೆಗೆ ಈ ಮೂರು ದೇಶಗಳಿಂದಲೂ ಒಂದಲ್ಲ ಒಂದು ರೀತಿಯಿಂದ ತಿರಸ್ಕೃತನಾದ ಥಾಮಸ್ ಪೇನನ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಬಹುದು. ಕೇಳಿದವರು ಸಾಮಾನ್ಯವಾಗಿ ಅವನ ಗ್ರಂಥಗಳ ಹೆಸರುಗಳನ್ನು ಮಾತ್ರ ಬಲ್ಲರು. ನಾಗರಿಕ ಸ್ವಾತಂತ್ರ್ಯವು ಯಾರ ಯಾರ ಕೈಯಲ್ಲಿ ಹೇಗೆ ನಲುಗುವುದು, ಅದೂ ಸ್ವಾತಂತ್ರ್ಯದ ಹೆಸರು ಹೇಳಿಯೇ ಅಧಿಕಾರಕ್ಕೆ ಬಂದವರ ಕೈಯಲ್ಲಿ ಹೇಗೆ ನಲುಗುವುದು ಎಂಬುದನ್ನು ತಿಳಿಯಬೇಕಾದರೆ ಅವನ ಗ್ರಂಥಗಳ ಜೊತೆಗೆ ಅವನ ಬಾಳನ್ನೂ ನೋಡಬೇಕೆಂದು ನಮಗೆ ತೋರುತ್ತದೆ.

ಅವನು ಹುಟ್ಟಿದ್ದು 1737ನೆಯ ಇಸವಿಯಲ್ಲಿ, ಇಂಗ್ಲಂಡಿನ ನಾರ್ಫೋಕ್ ಪ್ರಾಂತದ ಥೆಟ್‌ಫರ್ಡ್ ಎಂಬ ಚಿಕ್ಕ ಊರಿನಲ್ಲಿ. ತಂದೆಯು ಕ್ವೇಕರ್ ಪಂಥದವನು. ಹೆಂಗಸರು ನಡುವಿಗೆ ಬಿಗಿಯುವ ಎಲುಬಿನ ಕುಪ್ಪಸಗಳನ್ನು ಹೊಲಿಯುವುದು ಅವನ ಕಸುಬು. ಮಗನು ಹದಿಮೂರರ ಸುಮಾರಿಗೆ ಶಾಲೆ ಬಿಟ್ಟು ಅದೇ ಕಸುಬಿಗೆ ಕುಳಿತನು. ಮದುವೆಯಾದ ಹೆಂಡತಿ ಸ್ವಲ್ಪ ಕಾಲದಲ್ಲಿಯೇ ತೀರಿಹೋದಳು. ಆ ಮೇಲೆ ಅಬಕಾರಿ ಸುಂಕದ ಖಾತೆಯಲ್ಲಿ ನೌಕರಿ ಸಿಕ್ಕಿತು. ಪರೀಕ್ಷಿಸದ ಸರಕನ್ನು ಪರೀಕ್ಷಿಸಿದೆನೆಂದು ದಾಖಲೆ ಬರೆದ ತಪ್ಪಿಗೆ 1765ರಲ್ಲಿ ಅವನನ್ನು ತೆಗೆದುಹಾಕಿದರು. ಕ್ಷಮೆ ಬೇಡಿ ಮರಳಿ ಸೇರಿದನು. ನಾವು ಇದನ್ನು ಮುಚ್ಚಿಡಬೇಕಾಗಿಲ್ಲ. ಮಹಾಪುರುಷರ ಚರಿತ್ರೆಯಲ್ಲಿ ತಪ್ಪೇ ಇರಕೂಡದೆಂಬ ನಿಯಮವನ್ನು ಮಾಡಿದವರು ಭಟ್ಟಂಗಿಗಳು. ಸಸೆಕ್ಸಿನ ಲ್ಯೂಯಿಸ್ ಎಂಬ ಊರಿನಲ್ಲಿದ್ದಾಗ ವರುಷಕ್ಕೆ 50 ಪೌಂಡು ಸಂಬಳದ ಸುಂಕದ ನೌಕರರ ಪರವಾಗಿ 1772ರಲ್ಲಿ ಅವನೊಂದು ಅರಿಕೆಯನ್ನು ಬರೆದನು. ಅದರ 4000 ಪ್ರತಿಗಳನ್ನು ಅಚ್ಚು ಹಾಕಿಸಿ ಪಾರ್ಲಿಮೆಂಟಿನ ಸದಸ್ಯರಿಗೆ ಹಂಚಿದರು. ಹಸಿದ ನೌಕರನಿಂದ ಪ್ರಾಮಾಣಿಕತೆಯನ್ನು ಬಯಸುವುದು ಸರಕಾರದ ಮೂಢತನವೆಂಬುದೇ ಅದರ ತಾತ್ಪರ್ಯ. ಫಲವೇನಾಯಿತೆಂದು ಹೇಳಬೇಕೆ? 1774ರಲ್ಲಿ ಕೆಲಸ ಹೋಯಿತು. ಅಂಗಡಿ ಹರಾಜಾಯಿತು. ಎರಡನೆಯ ಹೆಂಡತಿಯಿಂದ ಬೇರೆಯಾದನು.

ಆಗ ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರ್ಯಾಂಕ್ಲಿನ್ನನು ಒಂದು ಪರಿಚಯ ಪತ್ರವನ್ನು ಬರೆದು ಕೊಟ್ಟನು. ಅದನ್ನು ಹಿಡಿದು ಮೂವತ್ತೇಳನೆಯ ವಯಸ್ಸಿನಲ್ಲಿ ಪೇನನು ಹಡಗು ಹತ್ತಿದನು. 1774ರ ನವೆಂಬರ್ 30ರಂದು ಫಿಲಡೆಲ್ಫಿಯಾ ಮುಟ್ಟಿದಾಗ ಜ್ವರದಿಂದ ಏಳಲಾರದ ಅವನನ್ನು ಹೊತ್ತುಕೊಂಡೇ ದಡಕ್ಕೆ ಇಳಿಸಬೇಕಾಯಿತು. ಚೇತರಿಸಿಕೊಂಡು ಪೆನ್ಸಿಲ್ವೇನಿಯಾ ಮ್ಯಾಗಜಿನ್ ಎಂಬ ಮಾಸಪತ್ರಿಕೆಯ ಸಂಪಾದಕನಾದನು. ಆ ಪತ್ರಿಕೆಯಲ್ಲಿ 1775ರಲ್ಲಿ ಅವನು ಬರೆದ ಲೇಖನಗಳಲ್ಲೊಂದು ಹಿಂದುಸ್ಥಾನಕ್ಕೆ ಸಂಬಂಧಪಟ್ಟದ್ದೆಂಬುದನ್ನು ನಮ್ಮವರು ಲಕ್ಷಿಸಬೇಕು. ಬಂಗಾಲವನ್ನು ಸುಲಿದು ಸಂಪತ್ತನ್ನು ಹೊತ್ತು ತಂದ ರಾಬರ್ಟ್ ಕ್ಲೈವನು 1774ರ ನವೆಂಬರಿನಲ್ಲಿ ಸತ್ತಿದ್ದನು. ಅವನ ವೈಭವವನ್ನೂ ದುರಂತವನ್ನೂ ಪೇನನು ಕಟುವಾಗಿ ಚಿತ್ರಿಸಿದನು. ಪ್ಲಾಸಿಯ ಗೆಲುವನ್ನು ಇಂಗ್ಲಂಡಿನಲ್ಲಿ ಹಲವರು ಕೊಂಡಾಡುತ್ತಿದ್ದ ಕಾಲದಲ್ಲಿ, ಕುಪ್ಪಸ ಹೊಲಿಯುವವನ ಈ ಮಗನಿಗೆ ಆ ಗೆಲುವಿನ ಹಿಂದಿನ ಗೋಳು ಕೇಳಿಸಿತು.

1775ರ ಏಪ್ರಿಲಿನಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ರಕ್ತ ಬಿದ್ದಿತು. ಆದರೂ ವಸಾಹತುಗಳ ಮುಂದಾಳುಗಳಲ್ಲಿ ಹೆಚ್ಚಿನವರು ಇನ್ನೂ ರಾಜನ ಕೃಪೆಯನ್ನೇ ನಿರೀಕ್ಷಿಸುತ್ತಿದ್ದರು. ಕೆಟ್ಟವರು ಮಂತ್ರಿಗಳು, ದೊರೆ ಒಳ್ಳೆಯವನು ಎಂಬ ಹಳೆಯ ಸಮಾಧಾನ ಅವರದು. ಅರ್ಜಿ, ವಿಜ್ಞಾಪನೆಗಳ ಈ ಘಟ್ಟವನ್ನು ನಮ್ಮ ದೇಶವೂ ದಾಟಿ ಬಂದಿದೆಯಾದುದರಿಂದ ನಾವು ಅವರನ್ನು ನಗಲಾರೆವು. 1776ರ ಜನವರಿ 10ರಂದು ಹೊರಬಿದ್ದ ಪೇನನ ಕಾಮನ್ ಸೆನ್ಸ್ ಎಂಬ ಸಣ್ಣ ಹೊತ್ತಗೆಯು ಆ ಸಮಾಧಾನದ ಬುಡವನ್ನೇ ಕಡಿಯಿತು. ದೊರೆತನವೇ ಅನಿಷ್ಟ, ವಂಶಪಾರಂಪರ್ಯದ ಅಧಿಕಾರವೇ ಬುದ್ಧಿಗೆ ಒಪ್ಪತಕ್ಕದ್ದಲ್ಲ, ಒಂದು ಖಂಡವು ಒಂದು ದ್ವೀಪಕ್ಕೆ ಅಧೀನವಾಗಿರುವುದು ಪ್ರಕೃತಿಗೇ ವಿರುದ್ಧ ಎಂದು ಅದು ಸಾರಿತು. ಪಂಡಿತರ ಲ್ಯಾಟಿನ್ ಉದಾಹರಣೆಗಳಿಲ್ಲದೆ, ಬೈಬಲ್ಲನ್ನೂ ಅನುಭವವನ್ನೂ ಬಲ್ಲ ರೈತನಿಗೂ ಕಮ್ಮಾರನಿಗೂ ತಿಳಿಯುವ ಮಾತಿನಲ್ಲಿ ಅದನ್ನು ಬರೆದಿದ್ದನು. ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಖರ್ಚಾದುವೆಂದು ಅವನು ಹೇಳಿಕೊಂಡನು. ಆ ಎಣಿಕೆಯನ್ನು ಇಂದಿನ ಇತಿಹಾಸಕಾರರು ಸಂದೇಹಿಸುತ್ತಾರೆ. ಎಣಿಕೆ ಹೇಗಾದರಿರಲಿ, ಆರು ತಿಂಗಳಿಗೆ ಸ್ವಾತಂತ್ರ್ಯಘೋಷಣೆಯಾದುದಂತೂ ಸುಳ್ಳಲ್ಲ. ತನ್ನ ಪಾಲಿಗೆ ಬರಬೇಕಾದ ಹಣವನ್ನು ಚಳಿಯಲ್ಲಿ ಕಾದಾಡುವ ಸೈನಿಕರ ಕೈಚೀಲಗಳಿಗೆಂದು ಅವನು ಬಿಟ್ಟುಕೊಟ್ಟನು.

ಅದೇ ವರುಷದ ಕೊನೆಗೆ ವಾಶಿಂಗ್ಟನ್ನನ ಸೈನ್ಯವು ಸೋತು ನ್ಯೂಜರ್ಸಿಯುದ್ದಕ್ಕೂ ಹಿಮ್ಮೆಟ್ಟುತ್ತಿದ್ದಾಗ ಪೇನನೂ ಜೊತೆಯಲ್ಲಿದ್ದನು. ಡಿಸೆಂಬರ್ 19ರಂದು ಅಮೆರಿಕನ್ ಕ್ರೈಸಿಸ್ ಎಂಬ ಲೇಖನಮಾಲೆಯ ಮೊದಲನೆಯದು ಪ್ರಕಟವಾಯಿತು. ಡೆಲವೇರ್ ನದಿಯನ್ನು ದಾಟುವ ಮುನ್ನ ಅದನ್ನು ಸೈನಿಕರಿಗೆ ಓದಿಸಿದರೆಂದು ಹೇಳುತ್ತಾರೆ. 26ರ ಬೆಳಿಗ್ಗೆ ಟ್ರೆಂಟನ್ನಿನಲ್ಲಿ ಗೆಲುವಾಯಿತು. ಟ್ರೆಂಟನ್ನಿನ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಬರುತ್ತದೆ.

ಯುದ್ಧಕಾಲದ ಉಳಿದ ಸಂಗತಿಗಳನ್ನು ಬೇಗನೆ ಹೇಳಿಬಿಡುವೆವು. ಕಾಂಗ್ರೆಸ್ಸಿನ ಪರರಾಷ್ಟ್ರ ಸಮಿತಿಯ ಕಾರ್ಯದರ್ಶಿಯಾಗಿದ್ದಾಗ, ಸರಕಾರದ ಖರೀದಿಯಲ್ಲಿ ಲಾಭ ಹೊಡೆಯುತ್ತಿದ್ದಾರೆಂದು ತಾನು ನಂಬಿದವರನ್ನು ಬಯಲಿಗೆಳೆಯುವ ಭರದಲ್ಲಿ ಗುಪ್ತ ಕಾಗದಗಳ ವಿಷಯವನ್ನು ಬಹಿರಂಗಪಡಿಸಿ 1779ರಲ್ಲಿ ಕೆಲಸ ಬಿಡಬೇಕಾಯಿತು. ಪೆನ್ಸಿಲ್ವೇನಿಯಾ ಶಾಸನಸಭೆಯ ಗುಮಾಸ್ತನಾಗಿದ್ದಾಗ, ಗುಲಾಮಗಿರಿಯನ್ನು ಕ್ರಮೇಣ ನಿಲ್ಲಿಸುವ 1780ರ ಕಾಯಿದೆಯು ಅವನ ಕಣ್ಣ ಮುಂದೆ ಅಂಗೀಕೃತವಾಯಿತು. ಯುದ್ಧ ಮುಗಿದ ಬಳಿಕ ನ್ಯೂಯಾರ್ಕ್ ಸಂಸ್ಥಾನವು ನ್ಯೂ ರೋಶೆಲ್ ಎಂಬಲ್ಲಿ ಒಂದು ಹೊಲಮನೆಯನ್ನೂ, ಕಾಂಗ್ರೆಸ್ಸು 3000 ಡಾಲರನ್ನೂ ಕೊಟ್ಟವು. ಅವನಿಗೆ ಆಗ ಹಿಡಿದದ್ದು ಕಬ್ಬಿಣದ ಸೇತುವೆಯ ಹುಚ್ಚು. ಅದರ ಮಾದರಿಯನ್ನು ಹೊತ್ತುಕೊಂಡು 1787ರಲ್ಲಿ ಯುರೋಪಿಗೆ ಹೊರಟನು. ಸೇತುವೆ ಕಟ್ಟಲು ಹೋದವನು ಕ್ರಾಂತಿಯ ನಡುವೆ ಸಿಕ್ಕಿಕೊಂಡನು.

ಇಂಗ್ಲಂಡಿನಲ್ಲಿ ಅವನನ್ನು ಆದರಿಸಿದವರಲ್ಲಿ ಎಡ್ಮಂಡ್ ಬರ್ಕ್ ಒಬ್ಬನು. ಅಮೇರಿಕೆಯೊಡನೆ ಸಂಧಿಯಾಗಬೇಕೆಂದು ವಾದಿಸಿದ್ದ ಬರ್ಕನು, ಹಿಂದುಸ್ಥಾನದಲ್ಲಿ ವಾರನ್ ಹೇಸ್ಟಿಂಗ್ಸನು ಮಾಡಿದ ಅನ್ಯಾಯಗಳಿಗಾಗಿ ಅವನನ್ನು 1788ರಿಂದ ಪಾರ್ಲಿಮೆಂಟಿನ ಮುಂದೆ ವಿಚಾರಣೆಗೆ ನಿಲ್ಲಿಸಿದ್ದ ಧೀರನು. ಅಂತಹ ಬರ್ಕನೇ 1790ರಲ್ಲಿ ಫ್ರೆಂಚ್ ಕ್ರಾಂತಿಯನ್ನು ಖಂಡಿಸಿ ಗ್ರಂಥ ಬರೆದಾಗ ಪೇನನಿಗೆ ಎದೆಯೊಡೆದಂತಾಯಿತು. ಉತ್ತರವಾಗಿ ರೈಟ್ಸ್ ಆಫ್ ಮ್ಯಾನ್, ಎಂದರೆ ಮಾನವನ ಹಕ್ಕುಗಳು, ಎಂಬ ಗ್ರಂಥದ ಮೊದಲನೆಯ ಭಾಗವು 1791ರಲ್ಲಿಯೂ ಎರಡನೆಯದು 1792ರ ಫೆಬ್ರವರಿಯಲ್ಲಿಯೂ ಬಂದವು. ಸತ್ತವರು ಬದುಕಿರುವವರನ್ನು ಕಟ್ಟಿಹಾಕುವ ಅಧಿಕಾರವಿಲ್ಲ, ಹಕ್ಕು ದೊರೆಯ ದಾನವಲ್ಲ ಎಂಬುದು ಮೊದಲನೆಯದರ ಸಾರ. ಎರಡನೆಯದು ಇನ್ನೂ ಮುಂದೆ ಹೋಯಿತು. ಬಡವರ ಮಕ್ಕಳಿಗೆ ವಿದ್ಯೆ, ಐವತ್ತು ದಾಟಿದವರಿಗೆ ವರುಷಕ್ಕೆ 6 ಪೌಂಡು, ಅರವತ್ತು ದಾಟಿದವರಿಗೆ 10 ಪೌಂಡು, ಅದೂ ಭಿಕ್ಷೆಯೆಂದಲ್ಲ, ಹಕ್ಕೆಂದು ಕೊಡಬೇಕೆಂದು ಲೆಕ್ಕ ಹಾಕಿ ತೋರಿಸಿತು. ಅದೇ ಭಾಗದಲ್ಲಿ ಪೂರ್ವ ಇಂಡಿಯಾದಲ್ಲಿ ಇಂಗ್ಲಿಷ್ ಸರಕಾರ ನಡೆಸುತ್ತಿದ್ದ ಸುಲಿಗೆಯನ್ನು ಅನಾಗರಿಕ ದಾಳಿಕಾರರ ಕೃತ್ಯಕ್ಕೆ ಹೋಲಿಸಿ ಅವನು ಹಳಿದನು. ಆ ಹೊತ್ತಗೆ ಲಂಡನ್ನಿನ ಅಂಗಡಿಗಳಿಗೆ ಬಂದ ತಿಂಗಳಲ್ಲಿಯೇ ಕಾರ್ನ್‌ವಾಲಿಸನ ಸೈನ್ಯವು ಶ್ರೀರಂಗಪಟ್ಟಣವನ್ನು ಮುತ್ತಿತ್ತು. ಮಾರ್ಚಿನಲ್ಲಿ ಟಿಪ್ಪು ಸುಲ್ತಾನನು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು ಎರಡು ಮಕ್ಕಳನ್ನು ಒತ್ತೆಯಿಟ್ಟನು. ಇದೇ ಗ್ರಂಥವನ್ನು ಅರ್ಧ ಶತಮಾನದ ಮೇಲೆ ಪುಣೆಯಲ್ಲಿ ಓದಿದ ತರುಣನೊಬ್ಬನು ಜ್ಯೋತಿರಾವ್ ಫುಲೆ. ಪೇನನು ದೊರೆಗಳಿಗೆ ಕೇಳಿದ ಪ್ರಶ್ನೆಯನ್ನು ಫುಲೆಯವರು ಜಾತಿಗೆ ಕೇಳಿದರು.

ಮೊದಲನೆಯ ಭಾಗ ಬಂದಾಗ ಪ್ರಧಾನಿ ಪಿಟ್ಟನ ಸರಕಾರ ಸುಮ್ಮನಿದ್ದಿತು. ಮೂರು ಶಿಲಿಂಗಿನ ಗ್ರಂಥವನ್ನು ಓದುವವರು ವಿವೇಕಿಗಳು, ಅವರಿಂದ ಅಪಾಯವಿಲ್ಲ. ಆರು ಪೆನ್ನಿಯ ಅಗ್ಗದ ಪ್ರತಿಗಳು ಗಣಿಯವರ, ನೇಕಾರರ, ಚಮ್ಮಾರರ ಕೈಗೆ ಹೋಗತೊಡಗಿದಾಗ ಗಾಬರಿ ಹುಟ್ಟಿತು. ಮಕ್ಕಳ ಮಿಠಾಯಿ ಕಟ್ಟುವ ಕಾಗದದಲ್ಲಿಯೂ ಇದರ ತುಣುಕುಗಳಿವೆಯೆಂದು ಸರಕಾರೀ ವಕೀಲನು ನ್ಯಾಯಾಲಯದಲ್ಲಿ ಗೋಳಾಡಿದನು. ಅಪರಾಧವಿದ್ದುದು ವಿಚಾರದಲ್ಲಿಯೋ, ಅದರ ಬೆಲೆ ಇಳಿದುದರಲ್ಲಿಯೋ? ಬಡವರು ಓದದಿರುವ ತನಕ ಮಾತ್ರ ಮುದ್ರಣ ಸ್ವಾತಂತ್ರ್ಯವನ್ನು ಸಹಿಸುವ ಸರಕಾರಗಳನ್ನು ನಾವೂ ಕಂಡಿದ್ದೇವೆ. 1792ರ ಮೇ 21ರಂದು ರಾಜದ್ರೋಹದ ಬರಹಗಳ ವಿರುದ್ಧ ದೊರೆಯ ಘೋಷಣೆ ಹೊರಟಿತು. ಊರೂರಿಗೆ ಪೇನನ ಬೊಂಬೆಯನ್ನು ಸುಡುವ ಉತ್ಸವಗಳು ನಡೆದವು. ಅಷ್ಟರಲ್ಲಿ ಫ್ರಾನ್ಸಿನ ಕಾಲೆ ಪಟ್ಟಣದ ಸೀಮೆಯವರು ಅವನನ್ನು ತಮ್ಮ ರಾಷ್ಟ್ರಸಭೆಗೆ ಆರಿಸಿದ್ದರು. ಸೆಪ್ಟೆಂಬರಿನಲ್ಲಿ ಡೋವರಿನಿಂದ ಹಡಗು ಹತ್ತಿದವನು ಇಂಗ್ಲಂಡಿಗೆ ಮತ್ತೆ ಜೀವಸಹಿತ ಮರಳಲಿಲ್ಲ.

ಆರೋಪಿಯಿಲ್ಲದೆಯೇ ಡಿಸೆಂಬರ್ 18ರಂದು ಲಂಡನ್ನಿನ ಗಿಲ್ಡ್‌ಹಾಲಿನಲ್ಲಿ ಖಟ್ಲೆ ನಡೆಯಿತು. ಅವನ ಪರವಾಗಿ ನಿಂತವನು ಆ ಕಾಲದ ಅಗ್ರಗಣ್ಯ ವಕೀಲನಾದ ಥಾಮಸ್ ಅರ್ಸ್ಕಿನ್. ಯುವರಾಜನ ವಕೀಲನೆಂಬ ಪದವಿಯು ತಪ್ಪುವುದೆಂದು ತಿಳಿದೂ ಅವನು ವಕಾಲತ್ತನ್ನು ಬಿಡಲಿಲ್ಲ; ಪದವಿ ಹೋಯಿತು. ಅದೇ ವರುಷ ಫಾಕ್ಸನ ಪ್ರಯತ್ನದಿಂದ ಹೊಸ ಕಾಯಿದೆಯೊಂದು ಬಂದಿದ್ದಿತು. ಅದಕ್ಕೆ ಮೊದಲು ಬರಹವನ್ನು ಪ್ರಕಟಿಸಿದವನಾರೆಂಬುದನ್ನು ಮಾತ್ರ ಜ್ಯೂರಿಯವರು ಹೇಳಬೇಕು, ಅದು ದ್ರೋಹವೋ ಅಲ್ಲವೋ ಎಂಬುದನ್ನು ನ್ಯಾಯಾಧೀಶನೇ ನಿರ್ಣಯಿಸುವನು ಎಂಬ ಪದ್ಧತಿಯಿದ್ದಿತು. ಹೊಸ ಕಾಯಿದೆಯಂತೆ ಇಡಿಯ ಪ್ರಶ್ನೆಯೇ ಜ್ಯೂರಿಯ ಕೈಗೆ ಬಂದಿತು. ಸ್ವಾತಂತ್ರ್ಯಪ್ರಿಯರು ಇದನ್ನು ದೊಡ್ಡ ಜಯವೆಂದು ಕೊಂಡಾಡಿದ್ದರು. ಆದರೆ ಪೇನನ ಖಟ್ಲೆಯಲ್ಲಿ ಆರಿಸಿ ತಂದ ವಿಶೇಷ ಜ್ಯೂರಿಯವರು, ಅರ್ಸ್ಕಿನ್ನನು ತಾಸುಗಟ್ಟಲೆ ವಾದಿಸಿ ಕುಳಿತೊಡನೆ, ಸರಕಾರದ ಉತ್ತರವನ್ನು ಕೇಳುವ ಅವಶ್ಯಕತೆಯೇ ಇಲ್ಲವೆಂದು ಹೇಳಿ ಅಪರಾಧಿಯೆಂದು ತೀರ್ಮಾನಿಸಿಬಿಟ್ಟರು. ಪ್ಯಾರಿಸಿನಿಂದ ಪೇನನು ಸರಕಾರೀ ವಕೀಲನಿಗೆ ಬರೆದಿದ್ದ ಉದ್ಧಟ ಪತ್ರವೂ ಅವನಿಗೆ ಕೇಡನ್ನೇ ಮಾಡಿತೆಂದು ಒಪ್ಪಬೇಕು. ಹೊರಗೆ ನೆರೆದ ಜನರು ಅರ್ಸ್ಕಿನ್ನನ ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ಎಳೆದುಕೊಂಡು ಹೋದರು. ಪೇನನು ತನ್ನ ಹುಟ್ಟುನಾಡಿನಲ್ಲಿ ಕಾಯಿದೆಯ ಆಶ್ರಯಕ್ಕೆ ಹೊರತಾದವನೆಂದು ಸಾರಲ್ಪಟ್ಟನು. ಯಾವ ದ್ರೋಹದ ಆರೋಪದಿಂದ ಅವನನ್ನು ಶಿಕ್ಷಿಸಿದರೋ ಅದನ್ನು ಇಂಗ್ಲಂಡು ಕಾಯಿದೆಯಿಂದ ಕಿತ್ತುಹಾಕಿದ್ದು 2009ರಲ್ಲಿ. ಅದೇ ಬೇರಿನಿಂದ ಚಿಗುರಿ 1870ರಲ್ಲಿ ನಮ್ಮ ದಂಡಸಂಹಿತೆಗೆ ಬಂದ 124-ಅ ಕಲಮಿನ ಕೆಳಗೆ ಲೋಕಮಾನ್ಯರು 1897ರಲ್ಲಿಯೂ 1908ರಲ್ಲಿಯೂ ಸೆರೆಮನೆಗೆ ಹೋದುದನ್ನು ವಾಚಕರಿಗೆ ಜ್ಞಾಪಿಸಬೇಕಾಗಿಲ್ಲ.

ಇಲ್ಲಿಯ ತನಕ ಕಥೆ ಸುಲಭ. ದೊರೆಯ ಸರಕಾರ ಪ್ರಜೆಯ ಬಾಯಿ ಕಟ್ಟಿತು; ನಾವು ಯಾರ ಪಕ್ಷವೆಂಬುದನ್ನು ಆಲೋಚಿಸಬೇಕಾಗಿಲ್ಲ. ಪೇನನ ನಿಜವಾದ ಪರೀಕ್ಷೆ ಮುಂದಿದ್ದಿತು. ಫ್ರೆಂಚ್ ಭಾಷೆಯಲ್ಲಿ ಮಾತನಾಡಲು ಬಾರದ ಅವನು ಆ ಮಹಾಸಭೆಯಲ್ಲಿ ಕುಳಿತು, ಸಿಂಹಾಸನದಿಂದ ಇಳಿಸಲ್ಪಟ್ಟ ಹದಿನಾರನೆಯ ಲೂಯಿಯ ವಿಚಾರಣೆಯನ್ನು ಎದುರಿಸಬೇಕಾಯಿತು. ದೊರೆತನದ ಮೇಲೆ ಅವನಷ್ಟು ಹರಿತವಾಗಿ ಬರೆದವರಿರಲಿಲ್ಲ. ಆದರೂ ದೊರೆಯೆಂಬ ಪದವಿಯನ್ನು ಕೊಲ್ಲಬೇಕೇ ಹೊರತು ಆ ಪದವಿಯಲ್ಲಿದ್ದ ಮನುಷ್ಯನನ್ನು ಕೊಲ್ಲಬಾರದೆಂದು ಅವನು ಪಟ್ಟು ಹಿಡಿದನು. ಯುದ್ಧ ಮುಗಿಯುವ ತನಕ ಸೆರೆಯಲ್ಲಿಟ್ಟು ಆ ಮೇಲೆ ಅಮೇರಿಕೆಗೆ ಗಡಿಪಾರು ಮಾಡಿರಿ, ಅಮೇರಿಕೆಯ ಸ್ವಾತಂತ್ರ್ಯಕ್ಕೆ ಹಣವನ್ನೂ ಹಡಗುಗಳನ್ನೂ ಕಳಿಸಿದ ದೊರೆ ಅವನು, ಅಲ್ಲಿ ಪ್ರಜಾಪ್ರಭುತ್ವವನ್ನು ಕಣ್ಣಾರೆ ನೋಡಲಿ ಎಂದು ಅವನ ವಾದ. 1793ರ ಜನವರಿಯಲ್ಲಿ ಭಾಷಣದ ಅನುವಾದವನ್ನು ಮತ್ತೊಬ್ಬ ಸದಸ್ಯನು ಓದುತ್ತಿರುವಾಗ ಮಾರಾ ಎದ್ದು, ಕ್ವೇಕರನಿಗೆ ಈ ವಿಷಯದಲ್ಲಿ ಮತ ಕೊಡುವ ಯೋಗ್ಯತೆಯಿಲ್ಲವೆಂದು ಅಡ್ಡಗಟ್ಟಿದನು. ಅನುವಾದವೇ ಸುಳ್ಳೆಂದು ಕೂಗಿದನು. ಪೇನನು ವೇದಿಕೆಯನ್ನು ಬಿಟ್ಟಿಳಿಯಲಿಲ್ಲ. ಜನವರಿ 21ರಂದು ಲೂಯಿಯ ತಲೆ ಉರುಳಿತು. ಗೆದ್ದ ಪಕ್ಷದಲ್ಲಿದ್ದು, ಗೆದ್ದವರ ಸಿಟ್ಟಿನ ಎದುರಿಗೆ, ಸೋತ ಶತ್ರುವಿನ ಪ್ರಾಣಕ್ಕಾಗಿ ನಿಲ್ಲುವುದೆಂದರೆ ಸಾಮಾನ್ಯವಲ್ಲ. ಅವನ ಇಡಿಯ ಆಯುಷ್ಯದಲ್ಲಿ ನಾವು ಎಲ್ಲಕ್ಕಿಂತ ಮೇಲಾಗಿ ಎಣಿಸುವುದು ಈ ಒಂದು ದಿನವನ್ನು.

ಆ ದಿನದ ಬೆಲೆಯನ್ನು ಅವನು ತೆತ್ತನು. ಅವನ ಮಿತ್ರರಾದ ಜಿರಾಂದಿನ್ ಪಕ್ಷದವರು ಬಿದ್ದರು, ಹಲವರ ಶಿರಚ್ಛೇದವಾಯಿತು. 1793ರ ಡಿಸೆಂಬರಿನಲ್ಲಿ ಪರದೇಶದವರಿಗೆ ಸಭೆಯಲ್ಲಿ ಸ್ಥಾನವಿಲ್ಲವೆಂದು ನಿರ್ಣಯವಾಯಿತು. 28ರಂದು ಅವನನ್ನು ಹಿಡಿದು ಲಕ್ಸೆಂಬೂರ್ ಸೆರೆಮನೆಗೆ ಒಯ್ದರು. ಏನು ಅಪರಾಧ? ಶತ್ರುರಾಷ್ಟ್ರವಾದ ಇಂಗ್ಲಂಡಿನಲ್ಲಿ ಹುಟ್ಟಿದುದು! ಇಂಗ್ಲಂಡು ಅವನನ್ನು ತನ್ನ ಕಾಯಿದೆಯಿಂದ ಹೊರಹಾಕಿ ವರುಷವಾಗಿತ್ತು. ಒಂದೂವರೆ ವರುಷದ ಹಿಂದೆ ತಾನಾಗಿಯೇ ನಾಗರಿಕತ್ವವನ್ನು ಕೊಟ್ಟು ಗೌರವಿಸಿದ್ದ ಫ್ರಾನ್ಸು ಅವನನ್ನು ಇಂಗ್ಲಿಷನೆಂದಿತು. ಪ್ಯಾರಿಸಿನಲ್ಲಿದ್ದ ಅಮೇರಿಕೆಯ ರಾಯಭಾರಿ ಗವರ್ನರ್ ಮಾರಿಸನಿಗೆ ಪೇನನ ಮೇಲೆ ಮೊದಲೇ ಅಸಮಾಧಾನ. ಅವನು ಒಲ್ಲದ ಮನಸ್ಸಿನಿಂದ ಒಂದು ಪತ್ರವನ್ನು ಬರೆದು ಕೈತೊಳೆದುಕೊಂಡನು. ಹೀಗೆ ಮನುಷ್ಯನ ಹಕ್ಕುಗಳ ಗ್ರಂಥಕರ್ತನಿಗೆ ತನ್ನವನೆಂದು ಹೇಳುವ ಸರಕಾರವೊಂದೂ ಇಲ್ಲದೆ ಹೋಯಿತು. ಜ್ವರದಿಂದ ಮೈಮರೆತು ಬಿದ್ದಿದ್ದಾಗ ಕೊಲ್ಲತಕ್ಕವರ ಕೋಣೆಯ ಬಾಗಿಲಿಗೆ ಸುಣ್ಣದ ಕಡ್ಡಿಯಿಂದ ಹಾಕುವ ಗುರುತನ್ನು, ಹೊರಕ್ಕೆ ತೆರೆದು ಗೋಡೆಗೆ ಒರಗಿದ್ದ ಬಾಗಿಲಿನ ಒಳಮೈಗೆ ಹಾಕಿದರೆಂದೂ, ರಾತ್ರಿ ಬಾಗಿಲು ಮುಚ್ಚಿದಾಗ ಗುರುತು ಒಳಗೆ ಮರೆಯಾಗಿ ತಾನು ಉಳಿದೆನೆಂದೂ ಅವನೇ ಬರೆದಿಟ್ಟಿದ್ದಾನೆ. ಕೆಲ ದಿನಗಳಲ್ಲಿ, 1794ರ ಜುಲೈ 27ರಂದು, ರಾಬೆಸ್ಪಿಯರನು ಪದಚ್ಯುತನಾದನು. ಪೇನನ ಮೇಲೆ ಆರೋಪ ಹೊರಿಸಬೇಕೆಂಬ ಟಿಪ್ಪಣಿಯೊಂದು ಅವನ ಕಾಗದಗಳಲ್ಲಿ ಸಿಕ್ಕಿತು. ಹೊಸ ರಾಯಭಾರಿಯಾಗಿ ಬಂದ ಜೇಮ್ಸ್ ಮನ್ರೋ ಅವನನ್ನು ಅಮೇರಿಕೆಯ ಪ್ರಜೆಯೆಂದು ಸ್ಪಷ್ಟವಾಗಿ ಹೇಳಿ ನವೆಂಬರ್ ಮೊದಲ ವಾರದಲ್ಲಿ ಬಿಡಿಸಿದನು. ಅದೇ ವಾರ, ನವೆಂಬರ್ 5ರಂದು, ಲಂಡನ್ನಿನಲ್ಲಿ ರಾಜದ್ರೋಹದ ಆರೋಪ ಹೊತ್ತ ಥಾಮಸ್ ಹಾರ್ಡಿಯೆಂಬ ಚಮ್ಮಾರನನ್ನು ಜ್ಯೂರಿಯೊಂದು ನಿರಪರಾಧಿಯೆಂದು ಬಿಟ್ಟಿತು. ವಾದಿಸಿದವನು ಅದೇ ಅರ್ಸ್ಕಿನ್. ಜ್ಯೂರಿಯನ್ನು ಮೇಲೆ ನಾವು ಹಳಿದುದರಿಂದ ಈ ಸಂಗತಿಯನ್ನೂ ಹೇಳುವುದು ನ್ಯಾಯ.

ಸೆರೆಯಿಂದ ಬಂದವನು ಬುದ್ಧಿ ಕಲಿಯಲಿಲ್ಲವೆಂದು ಲೋಕದ ಜಾಣರು ಹೇಳುವರು. ಆಸ್ತಿಯಿಲ್ಲದವರಿಗೆ ಮತವಿಲ್ಲವೆಂಬ ಹೊಸ ಸಂವಿಧಾನವನ್ನು 1795ರಲ್ಲಿ ಅದೇ ಸಭೆಯಲ್ಲಿ ವಿರೋಧಿಸಿದನು. ಭೂಮಿಯು ಮೂಲತಃ ಎಲ್ಲರ ಸೊತ್ತಾದುದರಿಂದ ಇಪ್ಪತ್ತೊಂದು ತುಂಬಿದ ಪ್ರತಿಯೊಬ್ಬರಿಗೂ 15 ಪೌಂಡು ಕೊಡಬೇಕೆಂದು 1797ರಲ್ಲಿ ಬರೆದನು. ಆದರೆ 1796ರಲ್ಲಿ ವಾಶಿಂಗ್ಟನ್ನನ ಮೇಲೆ ಪ್ರಕಟಿಸಿದ ಬಹಿರಂಗ ಪತ್ರವನ್ನು ನಾವು ಮೆಚ್ಚಲಾರೆವು. ತಾನು ಸೆರೆಯಲ್ಲಿ ಕೊಳೆಯುತ್ತಿರುವಾಗ ಹಳೆಯ ಮಿತ್ರನು ಒಂದು ಮಾತನ್ನೂ ಆಡಲಿಲ್ಲವೆಂಬ ನೋವು ನ್ಯಾಯವಾದದ್ದು. ಇಂಗ್ಲಂಡಿನೊಡನೆ ಒಪ್ಪಂದಕ್ಕೆ ಯತ್ನಿಸುತ್ತಿದ್ದ ಅಧ್ಯಕ್ಷನಿಗೆ ಆ ಮಾತು ಅನುಕೂಲವಾಗಿರಲಿಲ್ಲ. ಆದರೆ ನೋವಿನ ಭರದಲ್ಲಿ ಸೇನಾಪತಿಯಾಗಿ ವಾಶಿಂಗ್ಟನ್ನನು ಮಾಡಿದ ಕಾರ್ಯವನ್ನೂ ಅಲ್ಲಗಳೆದು, ತಾನೇ ಹಿಂದೆ ಬರೆದ ಹೊಗಳಿಕೆಯನ್ನು ಪೇನನು ಸುಳ್ಳುಮಾಡಿದನು.

ಸೆರೆಗೆ ಹೋಗುವ ದಾರಿಯಲ್ಲಿ ಮಿತ್ರ ಜೋಯಲ್ ಬಾರ್ಲೋವಿನ ಕೈಗಿತ್ತ ಹಸ್ತಪ್ರತಿ ಏಜ್ ಆಫ್ ರೀಜನ್ ಎಂಬ ಗ್ರಂಥದ್ದು. ಒಬ್ಬನೇ ದೇವರನ್ನು ನಂಬುವೆನೆಂದೂ ಯಾವ ಚರ್ಚನ್ನೂ ನಂಬೆನೆಂದೂ ಅವನು ಅದರಲ್ಲಿ ಹೇಳಿದನು. ಫ್ರಾನ್ಸಿನಲ್ಲಿ ಹಬ್ಬುತ್ತಿದ್ದ ನಾಸ್ತಿಕತೆಯನ್ನು ತಡೆಯಲೆಂದು ಬರೆದ ಗ್ರಂಥಕ್ಕಾಗಿ ಅವನಿಗೆ ನಾಸ್ತಿಕನೆಂಬ ಬಿರುದು ಬಂದಿತು. 1797ರಲ್ಲಿ ಲಂಡನ್ನಿನ ಪುಸ್ತಕದ ವ್ಯಾಪಾರಿಯೊಬ್ಬನ ಮೇಲೆ ಈ ಗ್ರಂಥವನ್ನು ಮಾರಿದುದಕ್ಕಾಗಿ ಖಟ್ಲೆ ನಡೆದಾಗ ಆರೋಪವನ್ನು ನಡೆಸಿದವನು ಯಾರು ಬಲ್ಲಿರಾ? ಅರ್ಸ್ಕಿನ್! ರಾಜಕಾರಣದಲ್ಲಿ ಸ್ವಾತಂತ್ರ್ಯವನ್ನು ಒಪ್ಪಿದವನು ಮತದ ವಿಷಯ ಬಂದಾಗ ಮತ್ತೊಂದು ಪಕ್ಷದಲ್ಲಿ ನಿಂತಿದ್ದನು.

ಅಟ್ಲಾಂಟಿಕಿನ ಆಚೆಯ ದಂಡೆಯಲ್ಲಿಯೂ ಗಾಳಿ ಬದಲಾಗಿತ್ತು. ಜಾನ್ ಆಡಮ್ಸನ ಕಾಲದಲ್ಲಿ, 1798ರಲ್ಲಿ, ಅಮೇರಿಕೆಯ ಕಾಂಗ್ರೆಸ್ಸೇ ರಾಜದ್ರೋಹದ ಕಾಯಿದೆಯನ್ನು ಮಾಡಿ ಸರಕಾರವನ್ನು ಹಳಿಯುವ ಪತ್ರಿಕೆಗಳ ಸಂಪಾದಕರನ್ನು ಸೆರೆಗೆ ಹಾಕಿಸಿತು. ಮ್ಯಾಥ್ಯೂ ಲಾಯನ್ ಎಂಬ ಕಾಂಗ್ರೆಸ್ ಸದಸ್ಯನಿಗೂ ನಾಲ್ಕು ತಿಂಗಳ ಸಜೆಯಾಯಿತು. ಜನರು ಅವನನ್ನು ಸೆರೆಯಲ್ಲಿದ್ದಾಗಲೇ ಮತ್ತೆ ಆರಿಸಿದರು. ಆ ಕಾಯಿದೆಯ ಅವಧಿ 1801ರಲ್ಲಿ ತೀರಿ, ಜೆಫರ್ಸನ್ನನು ಅಧ್ಯಕ್ಷನಾದ ಮೇಲೆ, 1802ರ ಅಕ್ಟೋಬರಿನಲ್ಲಿ ಪೇನನು ಬಾಲ್ಟಿಮೋರಿನಲ್ಲಿ ಇಳಿದನು. ಜೆಫರ್ಸನ್ನನು ನಿಂದೆಗೆ ಹೆದರದೆ ಅವನನ್ನು ಮನೆಗೆ ಕರೆದು ಊಟಕ್ಕಿಟ್ಟನು. ಪ್ರತಿಪಕ್ಷದ ಪತ್ರಿಕೆಗಳು ಕುಡುಕನೆಂದೂ ಧರ್ಮದ್ರೋಹಿಯೆಂದೂ ಬೈದವು. ಕುಡಿತವು ಸುಳ್ಳಲ್ಲ, ಎಷ್ಟೆಂಬುದರಲ್ಲಿ ಮಾತ್ರ ಶತ್ರುಗಳ ಲೆಕ್ಕ ಬೇರೆ. 1803ರಲ್ಲಿ ಟ್ರೆಂಟನ್ನಿನಲ್ಲಿ ನ್ಯೂಯಾರ್ಕಿಗೆ ಹೋಗುವ ಗಾಡಿಯವನು ಈ ಪಾಷಂಡಿಗೆ ಸ್ಥಳವಿಲ್ಲವೆಂದು ಹೇಳಿ ಹತ್ತಿಸಿಕೊಳ್ಳಲಿಲ್ಲ. ಜನರು ಕೂಡಿ ಕೂಗಿ ಅಟ್ಟಿದರು. ಇಪ್ಪತ್ತಾರು ವರುಷಗಳ ಹಿಂದೆ ಆ ಊರಿನ ಗೆಲುವಿಗೆ ಸೈನಿಕರ ಎದೆ ಗಟ್ಟಿ ಮಾಡಿದ ಲೇಖನವನ್ನು ಬರೆದವನು ಅವನೇ.

1806ರಲ್ಲಿ ನ್ಯೂ ರೋಶೆಲಿನಲ್ಲಿ ಚುನಾವಣೆ. ಸಂಸ್ಥಾನವೇ ದಾನವಾಗಿ ಕೊಟ್ಟ ಹೊಲದ ಒಡೆಯನಾದ ಅರವತ್ತೊಂಬತ್ತರ ಮುದುಕನು ಮತ ಹಾಕಲು ಹೋದನು. ನೀನು ಅಮೇರಿಕೆಯ ಪ್ರಜೆಯಲ್ಲ, ಪ್ಯಾರಿಸಿನಲ್ಲಿ ನಮ್ಮ ರಾಯಭಾರಿಯೇ ನಿನ್ನನ್ನು ತನ್ನವನೆನ್ನಲಿಲ್ಲ ಎಂದು ಮತಗಟ್ಟೆಯ ಅಧಿಕಾರಿಗಳು ತಿರುಗಿಸಿ ಕಳಿಸಿದರು. ಮಾರಿಸನು ಅಂದು ಅರೆಮನಸ್ಸಿನಿಂದ ಬರೆದ ಪತ್ರವು ಹನ್ನೆರಡು ವರುಷಗಳ ಮೇಲೆ ಹೀಗೆ ಫಲ ಕೊಟ್ಟಿತು. ಪೇನನು ನ್ಯಾಯಾಲಯದ ಮೆಟ್ಟಿಲು ಹತ್ತಿದನು. ಜೆಫರ್ಸನ್ನನ ಕಾರ್ಯದರ್ಶಿ ಮ್ಯಾಡಿಸನ್ನನಿಗೂ ಬಾರ್ಲೋವಿಗೂ ಸಾಕ್ಷ್ಯ ಕೇಳಿ ಬರೆದನು. ಅಮೇರಿಕೆ ಒಂದು ರಾಷ್ಟ್ರವೆಂದು ಮೊದಲು ಹೇಳಿದವರಲ್ಲೊಬ್ಬನು ತಾನು ಅಮೇರಿಕೆಯವನೆಂದು ರುಜುಪಡಿಸಲು ಕಾಗದಗಳನ್ನು ಹುಡುಕಬೇಕಾಯಿತು.

1809ರ ಜೂನ್ 8ರಂದು ನ್ಯೂಯಾರ್ಕಿನ ಗ್ರೀನಿಚ್ ಪೇಟೆಯಲ್ಲಿ ಅವನು ತೀರಿಕೊಂಡನು. ತಂದೆಯ ಪಂಥದವರಾದ ಕ್ವೇಕರರು ತಮ್ಮ ಸ್ಮಶಾನದಲ್ಲಿ ಸ್ಥಳ ಕೊಡಲಿಲ್ಲ. ನ್ಯೂ ರೋಶೆಲಿನ ಹೊಲದಲ್ಲಿ ಹೂಳಿದಾಗ ಕೂಡಿದವರನ್ನು ಬೆರಳಿನಲ್ಲಿ ಎಣಿಸಬಹುದಾಗಿತ್ತು: ಅವನು ಪ್ಯಾರಿಸಿನಲ್ಲಿ ಆಶ್ರಯ ಪಡೆದಿದ್ದ ಮನೆಯ ಬೊನ್‌ವಿಲ್ ಎಂಬ ಫ್ರೆಂಚ್ ಹೆಂಗಸು, ಅವಳ ಮಗ, ಇಬ್ಬರು ನೀಗ್ರೋ ಜನರು, ಮತ್ತೆ ಕೆಲವರು.

ಅವನು ಬದುಕಿದ್ದಾಗ ಅವನನ್ನು ಮನಬಂದಂತೆ ಬೈದಿದ್ದ ವಿಲಿಯಂ ಕಾಬೆಟ್ ಎಂಬ ಇಂಗ್ಲಿಷ್ ಪತ್ರಿಕಾಕರ್ತನು, ಆ ಮೇಲೆ ಮನಸ್ಸು ತಿರುಗಿ, 1819ರಲ್ಲಿ ಆ ಗೋರಿಯನ್ನು ಅಗೆಯಿಸಿ ಎಲುಬುಗಳನ್ನು ಪೆಟ್ಟಿಗೆಯಲ್ಲಿಟ್ಟು ಇಂಗ್ಲಂಡಿಗೆ ಒಯ್ದನು. ಹುಟ್ಟುನಾಡಿನಲ್ಲಿ ದೊಡ್ಡ ಸ್ಮಾರಕವನ್ನು ಕಟ್ಟಿಸಬೇಕೆಂದು ಅವನ ಎಣಿಕೆ. ಜನರು ನಕ್ಕರು, ಹಣ ಕೂಡಲಿಲ್ಲ. ಪೆಟ್ಟಿಗೆಯು ಕಾಬೆಟ್ಟನ ಮನೆಯಲ್ಲಿಯೇ ಉಳಿಯಿತು. 1835ರಲ್ಲಿ ಅವನು ಸತ್ತ ಬಳಿಕ ಅದು ಕೈಯಿಂದ ಕೈಗೆ ದಾಟಿ ಎಲ್ಲಿಯೋ ಕಳೆದುಹೋಯಿತು.